ಮುಂಬಯಿಯಲ್ಲಿ ಗೇಮ್ ಸ್ಟುಡಿಯೊ ತೆರೆಯಲಿರುವವರಿಗೆ ಒಂದು ಬಹಿರಂಗ ಪತ್ರ



ನೀವು ಯಾರೆಂದು ನನಗೆ ಗೊತ್ತಿಲ್ಲ. ಬರುತ್ತಿದ್ದೀರಿ ಎಂಬುದು ಮಾತ್ರ ಗೊತ್ತು. 2025ರ ಮೇ ತಿಂಗಳಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಜಿಯೊ ವರ್ಲ್ಡ್ ಸೆಂಟರಿನಲ್ಲಿ ಮನರಂಜನಾ ಉದ್ಯಮದ ವೇವ್ಸ್ ಸಮಾವೇಶ ನಾಲ್ಕು ದಿನ ನಡೆಯಿತು. ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ಅನಿಮೇಶನ್, ವಿಎಫ್‌ಎಕ್ಸ್, ಗೇಮಿಂಗ್ ಉದ್ಯಮಕ್ಕೆಂದೇ ಒಂದು ನೀತಿಯನ್ನು ಒಪ್ಪಿತು. ಎರಡು ಲಕ್ಷ ಉದ್ಯೋಗಗಳ ಗುರಿ ಎಂದು ಪತ್ರಿಕೆಗಳಲ್ಲಿ ಓದಿದೆ. ಗೋರೆಗಾಂವ್, ಮಲಾಡ್, ಅಂಧೇರಿಯ ಗಾಜಿನ ಕಟ್ಟಡಗಳಲ್ಲಿ ಇನ್ನು ಹೊಸ ಬೋರ್ಡುಗಳು ಏಳುತ್ತವೆ. ಅವುಗಳಲ್ಲಿ ಒಂದು ನಿಮ್ಮದು. ಬೋರ್ಡು ಬರೆಸುವ ಮೊದಲು ಈ ಪತ್ರವನ್ನು ಒಮ್ಮೆ ಓದಿ.

ನಾನು ಏಳು ವರ್ಷ ಒಂದು ಸ್ಟುಡಿಯೊದಲ್ಲಿ ಟೆಕ್ಸ್ಚರ್ ಆರ್ಟಿಸ್ಟ್ ಆಗಿದ್ದವಳು. ಆಟದೊಳಗಿನ ಗೋಡೆಗೆ ಪಾಚಿ, ಬಾಗಿಲಿಗೆ ಸವೆತ, ಕಬ್ಬಿಣಕ್ಕೆ ತುಕ್ಕು ಹಚ್ಚುವ ಕೆಲಸ ನನ್ನದು. ಡೋಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ದಾದರಿನಲ್ಲಿ ಬದಲಿಸಿ ಮಲಾಡಿಗೆ ಹೋಗುತ್ತಿದ್ದೆ. ಒಂದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಎಲ್ಲರನ್ನೂ ಕ್ಯಾಂಟೀನಿಗೆ ಕರೆದರು. ಆರು ಗಂಟೆಗೆ ಬ್ಯಾಗು, ಡಬ್ಬಿ, ಮೇಜಿನ ಮೇಲಿದ್ದ ಗಿಡದ ಕುಂಡಗಳ ಸಮೇತ ನಾವೆಲ್ಲ ರಸ್ತೆಯಲ್ಲಿದ್ದೆವು. ಆ ಸ್ಟುಡಿಯೊದ ಹೆಸರು ಇಲ್ಲಿ ಬೇಡ. ಅದನ್ನು ಹಳಿಯಲು ಈ ಪತ್ರ ಬರೆಯುತ್ತಿಲ್ಲ.

ಆ ದಿನ ನನ್ನ ಪರದೆಯ ಮೇಲೆ ಒಂದು ತಗಡಿನ ಡ್ರಮ್ ಇತ್ತು. ತುಕ್ಕು ಎಲ್ಲೆಂದರಲ್ಲಿ ಹಿಡಿಯುವುದಿಲ್ಲ. ನೀರು ನಿಲ್ಲುವ ಅಡಿಯಂಚಿನಲ್ಲಿ ಮೊದಲು ಕಪ್ಪಗಾಗುತ್ತದೆ, ಆಮೇಲೆ ಕೆಂಪು ಮೇಲಕ್ಕೆ ಹತ್ತುತ್ತದೆ. ಕೈಯಿಂದ ಉರುಳಿಸುವ ಕಡೆ ಬಣ್ಣ ಸವೆದು ತಗಡು ಹೊಳೆಯುತ್ತದೆ. ನಮ್ಮ ಚಾಳಿನ ಗ್ಯಾಲರಿಯಲ್ಲಿ ನೀರು ಹಿಡಿದಿಡುತ್ತಿದ್ದ ಡ್ರಮ್ಮನ್ನು ಚಿಕ್ಕಂದಿನಿಂದ ನೋಡಿ ಕಲಿತದ್ದು ಅದು. ಮೂರು ದಿನದಿಂದ ಅದನ್ನೇ ತಿದ್ದುತ್ತಿದ್ದೆ. ಮುಕ್ಕಾಲು ಮುಗಿದಿತ್ತು. ಕ್ಯಾಂಟೀನಿನಿಂದ ವಾಪಸು ಬರುವಷ್ಟರಲ್ಲಿ ಲಾಗಿನ್ ನಿಂತುಹೋಗಿತ್ತು. ಆ ಡ್ರಮ್ಮನ್ನು ಮತ್ತೆ ಯಾರೂ ನೋಡಲಿಲ್ಲ.

ಸಂಬಳದ ಮಾತಿಗೆ ಬರುತ್ತೇನೆ. ನಮ್ಮ ನೇಮಕಾತಿ ಪತ್ರದಲ್ಲಿ, ಕೆಲಸ ಬಿಡುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು, ಇಲ್ಲವಾದರೆ ಮೂರು ತಿಂಗಳ ಸಂಬಳ ಕಟ್ಟಬೇಕು ಎಂದಿತ್ತು. ಅವರು ನಮಗೆ ಕೊಟ್ಟದ್ದು ಮೂರು ಗಂಟೆ. ಆ ರಾತ್ರಿ ಮನೆಗೆ ಬಂದು ಪಿಎಫ್ ಪಾಸ್‌ಬುಕ್ ತೆರೆದು ನೋಡಿದೆ. ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳೂ 1,800 ರೂಪಾಯಿ ಮುರಿದುಕೊಂಡ ಲೆಕ್ಕ ಸರಿಯಾಗಿತ್ತು. ಪಾಸ್‌ಬುಕ್ಕಿನಲ್ಲಿ ಹಿಂದಿನ ಐದು ತಿಂಗಳ ಸಾಲುಗಳೇ ಇರಲಿಲ್ಲ. ಮುರಿದ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟದೆ ಇಟ್ಟುಕೊಂಡರೆ ಕಾನೂನಿನ ಕಣ್ಣಿಗೆ ಅದು ನಂಬಿಕೆದ್ರೋಹದ ಅಪರಾಧ. ಇದೆಲ್ಲ ನಾನು ಆಮೇಲೆ ಕಲಿತದ್ದು. ನನ್ನ ಪಕ್ಕದ ಸೀಟಿನ ಹುಡುಗನ ಹೆಂಡತಿಗೆ ಆಗ ಎಂಟು ತಿಂಗಳು. ಕಂಪನಿಯ ಗುಂಪು ವಿಮೆಯ ಕಾರ್ಡು ನಡೆಯುವುದಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಆಸ್ಪತ್ರೆಯ ಕೌಂಟರಿನಲ್ಲಿ.

ಇದು ನಮಗೆ ಮಾತ್ರ ಆದದ್ದಲ್ಲ. 2012ರ ಮೇ ತಿಂಗಳಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ 38 ಸ್ಟುಡಿಯೋಸ್ ಎಂಬ ಗೇಮ್ ಕಂಪನಿ ಕುಸಿಯಿತು. ಬೇಸ್‌ಬಾಲ್ ಆಟಗಾರ ಕರ್ಟ್ ಶಿಲ್ಲಿಂಗ್ ಕಟ್ಟಿದ ಕಂಪನಿ, ರಾಜ್ಯ ಸರ್ಕಾರವೇ 75 ಮಿಲಿಯನ್ ಡಾಲರ್ ಸಾಲಕ್ಕೆ ಹೊಣೆ ನಿಂತಿತ್ತು. ಮೇ 15ರ ಸಂಬಳ ಬರಲಿಲ್ಲ. 24ರಂದು ನಾನೂರರ ಹತ್ತಿರ ಜನರನ್ನು ಇಮೇಲಿನಲ್ಲೇ ತೆಗೆದರು. ಕಂಪನಿಯ ಮಾತು ನಂಬಿ ಊರು ಬದಲಿಸಿದವರಲ್ಲಿ ಕೆಲವರಿಗೆ, ಕಂಪನಿ ನೋಡಿಕೊಳ್ಳುತ್ತದೆ ಎಂದುಕೊಂಡಿದ್ದ ಹಳೆಯ ಮನೆಯ ಸಾಲ ಮತ್ತೆ ಹೆಗಲಿಗೇರಿತು. ಅಲ್ಲೂ ವಿಮೆ ರಾತ್ರೋರಾತ್ರಿ ನಿಂತಿತ್ತು. ಅದರ ವರದಿ ಓದುವಾಗ ನನಗೆ ನಮ್ಮ ಕ್ಯಾಂಟೀನೇ ಕಣ್ಣ ಮುಂದೆ ಬಂತು.

ಮರು ವರ್ಷ, 2013ರ ಫೆಬ್ರುವರಿಯಲ್ಲಿ, ಮುಂಬಯಿಯಲ್ಲೂ ಹೈದರಾಬಾದಿನಲ್ಲೂ ಶಾಖೆಗಳಿದ್ದ ರಿದಮ್ ಅಂಡ್ ಹ್ಯೂಸ್ ಲಾಸ್ ಏಂಜಲಿಸ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದು ಗೇಮ್ ಕಂಪನಿಯಲ್ಲ, ಸಿನಿಮಾದ ವಿಎಫ್‌ಎಕ್ಸ್ ಕಂಪನಿ. ಆದರೆ ಮುಂಬಯಿಯಲ್ಲಿ ಈ ಎರಡೂ ಕಸುಬಿನವರು ಒಂದೇ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು, ಒಂದೇ ಟಪರಿಯಲ್ಲಿ ಚಹಾ ಕುಡಿಯುವವರು. ಅದೇ ತಿಂಗಳ 24ರಂದು, ಆ ಕಂಪನಿಯೇ ಕೆಲಸ ಮಾಡಿದ ‘ಲೈಫ್ ಆಫ್ ಪೈ’ ಚಿತ್ರದ ಹುಲಿಗೂ ಕಡಲಿಗೂ ಆಸ್ಕರ್ ಬಂತು. ವೇದಿಕೆಯಲ್ಲಿ ಕಂಪನಿಯ ಬಿಲ್ ವೆಸ್ಟೆನ್‌ಹಾಫರ್ ತಮ್ಮ ಸ್ಟುಡಿಯೊದ ಕಷ್ಟ ಹೇಳತೊಡಗುತ್ತಿದ್ದಂತೆ ವಾದ್ಯಗೋಷ್ಠಿ ಜೋರಾಯಿತು, ಮೈಕು ನಿಂತಿತು.

ಹನ್ನೆರಡು ವರ್ಷ ಬಿಟ್ಟು 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಎಂಬ ಕಂಪನಿ ಬಿತ್ತು. 1915ರಲ್ಲಿ ಹುಟ್ಟಿದ ಹೆಸರು ಅದು. ಅದರ ಎಂಪಿಸಿ ಎಂಬ ಸ್ಟುಡಿಯೊ ಕೆಲಸ ಮಾಡಿದ ‘ಮುಫಾಸಾ’ ಸಿನಿಮಾ ತೆರೆಗೆ ಬಂದು ಎರಡು ತಿಂಗಳಾಗಿತ್ತು ಅಷ್ಟೆ. ಹೊಸ ಹೂಡಿಕೆದಾರರು ಸಿಗಲಿಲ್ಲ ಎಂದು ಕಂಪನಿ ಹೇಳಿತು, ಕೆಲವೇ ದಿನಗಳಲ್ಲಿ ಲಂಡನ್ನಿನಿಂದ ಬೆಂಗಳೂರಿನವರೆಗೆ ದೀಪ ಆರಿತು. ಭಾರತದಲ್ಲಿ ಸಾವಿರಾರು ಜನರ ಕೆಲಸ ಹೋಯಿತು, ಹೆಚ್ಚಿನವರು ಬೆಂಗಳೂರಿನವರು. ಆಟಗಳಿಗೆ ಚಿತ್ರ ಮಾಡಿಕೊಡುವ ಅದರ ಗೇಮ್ಸ್ ವಿಭಾಗ ಇದ್ದದ್ದೂ ಅಲ್ಲೇ. ಅದನ್ನು ಮುಂದೆ ಬೇರೆ ಕಂಪನಿ ಕೊಂಡುಕೊಂಡಿತು. ಆ ವಾರ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರಿನ ಮಕ್ಕಳು. ಎಲ್ಲರದೂ ಒಂದೇ ಪ್ರಶ್ನೆ: ‘ಅಕ್ಕಾ, ಈ ತಿಂಗಳ ಸಂಬಳ ಬರುತ್ತಾ?’

ಇಷ್ಟು ದೊಡ್ಡ ಹೆಸರುಗಳು ಇಷ್ಟು ಬೇಗ ಬೀಳುವುದು ಹೇಗೆ ಎಂದು ಜನ ಕೇಳುತ್ತಾರೆ. ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಮುಂಬಯಿಯ ಹೆಚ್ಚಿನ ಸ್ಟುಡಿಯೊಗಳು ಸ್ವಂತ ಆಟ ಮಾಡುವುದಿಲ್ಲ, ಹೊರದೇಶದ ಪ್ರಕಾಶಕರಿಗೆ ಕೆಲಸ ಮಾಡಿಕೊಡುತ್ತವೆ. ಕೆಲಸವನ್ನು ಮೈಲ್‌ಸ್ಟೋನ್ ಎಂಬ ಕಂತುಗಳಾಗಿ ಒಡೆಯುತ್ತಾರೆ. ಒಂದು ಕಂತನ್ನು ಒಪ್ಪಿಸಬೇಕು, ಅವರು ಒಪ್ಪಬೇಕು, ಬಿಲ್ಲಿನ ಹಣ ಬರಲು ಮತ್ತೆ ಒಂದೋ ಎರಡೋ ತಿಂಗಳು. ನಡುವೆ ಸಂಬಳ ಕೊಡುವುದು ಮುಂದಿನ ಕಂತಿನ ಭರವಸೆಯ ಮೇಲೆ. ಇಬ್ಬರು ಗಿರಾಕಿಗಳಲ್ಲಿ ಒಬ್ಬ ಆಟವನ್ನು ಕೈಬಿಟ್ಟರೆ ಅರ್ಧ ಮಹಡಿಯ ಅನ್ನ ಹೋಯಿತು. ಅದನ್ನು ಮುಚ್ಚಿಡಲು ಮೊದಲು ಪಿಎಫ್ ನಿಲ್ಲುತ್ತದೆ, ಆಮೇಲೆ ಒಂದನೇ ತಾರೀಖಿನ ಸಂಬಳ ಏಳಕ್ಕೆ, ಏಳರದ್ದು ಹದಿನೈದಕ್ಕೆ ಹೋಗುತ್ತದೆ. ಈ ಲೆಕ್ಕ ಮೇಲಿನ ನಾಲ್ಕು ಜನರಿಗೆ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಕೆಳಗೆ ಕೂತವರಿಗೆ ಕೊನೆಯ ವಾರದವರೆಗೂ ‘ನಾವೆಲ್ಲ ಒಂದೇ ಮನೆಯವರು’ ಎಂಬ ಮಾತು. ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಆ ಮಾತೇ. ಮನೆಯವರಾದರೆ ಅಕ್ಕಿ ಮುಗಿದದ್ದನ್ನು ಹೇಳುತ್ತಿದ್ದರು.

ಈ ಊರಿಗೆ ಇದು ಹೊಸತಲ್ಲ. ನನ್ನ ಅಪ್ಪ ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಲಾಲ್‌ಬಾಗಿನ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಓದು ಬಂದದ್ದರಿಂದ ಗಲ್ಲಾದಲ್ಲಿ ಕೂರಿಸಿದರು. ಮಿಲ್ಲಿನ ಕೆಲಸಗಾರರು ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದರು, ಉದ್ರಿ ಪುಸ್ತಕ ಬರೆಯುತ್ತಿದ್ದವರು ಅಪ್ಪ. 1982ರ ಜನವರಿ 18ರಂದು ಕಾರ್ಮಿಕ ಮುಖಂಡ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮಿಲ್ಲುಗಳ ಎರಡೂವರೆ ಲಕ್ಷದಷ್ಟು ಜನ ಮುಷ್ಕರಕ್ಕೆ ಇಳಿದರು. ತಿಂಗಳೊಪ್ಪತ್ತಿನಲ್ಲಿ ಸರಿಹೋದೀತು ಎಂದು ಹೋಟೆಲಿನವರು ಉದ್ರಿ ಕೊಡುತ್ತಲೇ ಹೋದರು. ಎಷ್ಟೋ ಮಿಲ್ಲುಗಳ ಭೋಂಗಾ ಮತ್ತೆ ಕೂಗಲೇ ಇಲ್ಲ. ಒಂದೂವರೆ ವರ್ಷಕ್ಕೆ ಹೋಟೆಲೂ ಮುಚ್ಚಿತು. ಆ ಪುಸ್ತಕವನ್ನು ಅಪ್ಪ ಇವತ್ತಿಗೂ ಎಸೆದಿಲ್ಲ. ಆ ಮಿಲ್ಲುಗಳ ನೆಲದಲ್ಲೇ, ಲೋವರ್ ಪರೇಲಿನಲ್ಲಿ, ಈಗ ಮಾಲ್‌ಗಳು, ಮೀಡಿಯಾ ಕಂಪನಿಗಳ ಆಫೀಸುಗಳು. ಎಷ್ಟೋ ಕೆಲಸಗಾರರ ಬಾಕಿ ಹಣಕ್ಕೆ ಅವರ ಮಕ್ಕಳು ಅಲೆದರು.

ಮಿಲ್ಲಿನವರಿಗೆ ಕಡೇಪಕ್ಷ ತಾವು ಕಾರ್ಮಿಕರು ಎಂಬುದು ಗೊತ್ತಿತ್ತು. ನಮಗೆ ಅದೂ ಗೊತ್ತಿರಲಿಲ್ಲ. ಮೂರು ವರ್ಷ ದುಡಿದರೆ ‘ಸೀನಿಯರ್’, ಐದು ವರ್ಷಕ್ಕೆ ‘ಲೀಡ್’. ಸಂಬಳ ಏರದ ವರ್ಷ ಹುದ್ದೆಯ ಹೆಸರು ಏರುತ್ತಿತ್ತು, ನಾವು ಖುಷಿಯಿಂದ ಊರಿಗೆ ಫೋನು ಮಾಡುತ್ತಿದ್ದೆವು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ, ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರು ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ. ದಿನವಿಡೀ ಕೈಯಲ್ಲಿ ಪೆನ್ನು ಹಿಡಿದು ತುಕ್ಕು ಬರೆಯುವವಳನ್ನು ‘ಲೀಡ್’ ಎಂದು ಕರೆದದ್ದಕ್ಕೆ, ಕೆಲಸ ಹೋದಾಗ ಅವಳಿಗೆ ಸಿಗಬೇಕಾದ ಪರಿಹಾರ ಹೋಗಬಾರದು. ಕೋರ್ಟು ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು. ಆದರೆ ಕೋರ್ಟಿನವರೆಗೆ ಹೋಗುವ ಶಕ್ತಿ ಕೆಲಸ ಹೋದವರಿಗೆ ಎಲ್ಲಿಂದ ಬರಬೇಕು? ಅದೇ ದಿನ ಜಾರಿಯಾದ ಸಂಹಿತೆಗಳಲ್ಲಿ ಒಳ್ಳೆಯದೂ ಇದೆ. ಕಂಪನಿ ಮುಚ್ಚಿ ಕೆಲಸ ಹೋದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೈಸೇರಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ಖಾತೆಯಲ್ಲಿ ಹಣವೇ ಇಲ್ಲದಿದ್ದರೆ ಆ ಎರಡು ದಿನಕ್ಕೆ ಅರ್ಥವೇನು?

ಆದ್ದರಿಂದ ನಾನು ಕೇಳುವುದು ಇಷ್ಟು. ಮೊದಲ ಕಂಪ್ಯೂಟರ್ ಕೊಳ್ಳುವ ಮುಂಚೆ, ಎಲ್ಲರ ಮೂರು ತಿಂಗಳ ಸಂಬಳವನ್ನು ನೀವೂ ಮುಟ್ಟಲಾಗದ ಒಂದು ಬೇರೆ ಖಾತೆಯಲ್ಲಿ ಇಡಿ. ಜನ ಹೆಚ್ಚಿದಂತೆ ಅದನ್ನೂ ಹೆಚ್ಚಿಸಿ. ನೇಮಕಾತಿ ಪತ್ರದಲ್ಲಿ ಆ ಖಾತೆಯ ವಿಷಯ ಬರೆಯಿರಿ. ಸರ್ಕಾರದ ಸಹಾಯಧನ ಪಡೆಯುವವರಿಗೆ ಇದನ್ನು ಷರತ್ತಾಗಿ ಹಾಕಬೇಕೆಂದು ನಾನು ಮಹಾರಾಷ್ಟ್ರ, ಕರ್ನಾಟಕ ಎರಡೂ ಸರ್ಕಾರಗಳನ್ನು ಬೇಡಿಕೊಳ್ಳುತ್ತೇನೆ. ಕರ್ನಾಟಕ 2012ರಲ್ಲೇ ಇಂಥ ನೀತಿ ತಂದ ರಾಜ್ಯ, ಇದರಲ್ಲೂ ಅದೇ ಮೊದಲಾಗಲಿ. ಇಷ್ಟು ಹಣ ಕಟ್ಟಿಹಾಕಿದರೆ ವ್ಯಾಪಾರ ಹೇಗೆ ಮಾಡುವುದು ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಐವತ್ತು ಜನರ ಬದಲು ಮೂವತ್ತು ಜನರಿಂದ ಶುರು ಮಾಡಿ.

ಇನ್ನೊಂದು ಮಾತು, ಇದಕ್ಕೆ ದುಡ್ಡು ಬೇಕಿಲ್ಲ. ಕಲಾವಿದರು ತಮ್ಮ ಕೆಲಸವನ್ನು ಹೊರಗೆ ತೋರಿಸಲು ಬಿಡಿ. ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದ್ದರಿಂದ ಮಾಡಿದ ಕೆಲಸ ತೋರಿಸುವ ನನ್ನ ಶೋರೀಲಿನಲ್ಲಿ ಕೊನೆಯ ಎರಡು ವರ್ಷ ಖಾಲಿ. ಇಂಟರ್‌ವ್ಯೂಗಳಲ್ಲಿ ಎರಡು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಿದ್ದರು. ಯುಬಿಸಾಫ್ಟ್ ಎಂಬ ಗೇಮ್ ಕಂಪನಿಯ ಮುಂಬಯಿ, ಪುಣೆ ಸ್ಟುಡಿಯೊಗಳು ‘ಪ್ರಿನ್ಸ್ ಆಫ್ ಪರ್ಶಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಆಟವನ್ನು ಹೊಸದಾಗಿ ಕಟ್ಟುತ್ತಿವೆ ಎಂದು 2020ರ ಸೆಪ್ಟೆಂಬರಿನಲ್ಲಿ ಪ್ರಕಟವಾದಾಗ ಈ ಊರಿನ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಟ್ರೇಲರ್ ನೋಡಿ ಜಗತ್ತು ನಕ್ಕಿತು. 2022ರಲ್ಲಿ ಕೆಲಸ ಮಾಂಟ್ರಿಯಲ್ಲಿಗೆ ಹೋಯಿತು. 2026ರ ಜನವರಿಯಲ್ಲಿ ಆಟವೇ ರದ್ದಾಯಿತು. ಸ್ಟುಡಿಯೊ ಉಳಿದರೂ ಕೆಲವರ ಬದುಕಿನ ಆ ವರ್ಷಗಳಿಗೆ ತೋರಿಸಲು ಏನು ಉಳಿಯಿತು ಎಂದು ಯೋಚಿಸಿ. 1999ರಲ್ಲಿ ವಿಶಾಲ್ ಗೊಂಡಲ್ ಶುರು ಮಾಡಿದ ಇಂಡಿಯಾಗೇಮ್ಸ್ ಈ ಊರಿಗೆ ಆಟ ಕಟ್ಟುವುದನ್ನು ಕಲಿಸಿತು. ಯುಟಿವಿಯ ಮೂಲಕ ಡಿಸ್ನಿಯ ಕೈ ಸೇರಿದ ಮೇಲೆ ಆ ಹೆಸರು ಅಳಿಯಿತು. ಸಣ್ಣ ಪರದೆಯ ನೋಕಿಯಾ ಫೋನಿಗೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಬರೆದವರ ಕೆಲಸ ಇವತ್ತು ಯಾವ ಫೋನಿನಲ್ಲೂ ತೆರೆಯುವುದಿಲ್ಲ.

ನಮ್ಮ ಸ್ಟುಡಿಯೊದ ಕೆಳಗೆ ಒಂದು ಚಹಾದ ಟಪರಿ ಇತ್ತು. ರಾತ್ರಿ ಹನ್ನೆರಡಕ್ಕೂ ನಮಗೋಸ್ಕರ ಸ್ಟವ್ ಆರಿಸದೆ ಇಡುತ್ತಿದ್ದ ಜೌನ್‌ಪುರದ ಚಾಚಾ. ಲೆಕ್ಕವನ್ನು ಒಂದು ಸ್ಕೂಲ್ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು, ತಿಂಗಳಿಗೊಮ್ಮೆ ಕೊಡುತ್ತಿದ್ದೆವು. ಶುಕ್ರವಾರದ ಗಲಾಟೆಯಲ್ಲಿ ಯಾರಿಗೂ ಅದು ನೆನಪಾಗಲಿಲ್ಲ. ಭಾನುವಾರ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ‘ಚಹಾದವನ ಬಾಕಿ ಎಷ್ಟಿದೆ ಮಗಾ?’ ಎಂದರು. ಬೇರೆ ಏನೂ ಹೇಳಲಿಲ್ಲ.

ಸೋಮವಾರ ಹನ್ನೊಂದು ಜನ ಸೇರಿ ಹಣ ಕೂಡಿಸಿಕೊಂಡು ಮಲಾಡಿಗೆ ಹೋದೆವು. ಚಾಚಾ ಎಣಿಸಿಕೊಂಡರು, ನೋಟ್‌ಬುಕ್ ತೆಗೆದು ಒಬ್ಬೊಬ್ಬರ ಹೆಸರಿನ ಮೇಲೂ ಗೆರೆ ಎಳೆದರು. ಬರಲಾಗದಿದ್ದವರ ಹೆಸರುಗಳು ಹಾಗೇ ಉಳಿದವು, ಎರಡು ಪುಟದ ತುಂಬ. ಚಹಾ ಮಾಡಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ಮೂರನೆಯ ಮಹಡಿಯ ಕಿಟಕಿಗಳ ಕಡೆ ನೋಡುತ್ತ, ಅಲ್ಲಿಗೆ ಇನ್ನು ಯಾರು ಬರುತ್ತಾರೆ ಎಂದು ಕೇಳಿದರು.

ಅಲ್ಲಿಗೆ ಬರುವವರು ನೀವೇ ಇರಬಹುದು ಎಂದುಕೊಂಡು ಇದನ್ನು ಬರೆದಿದ್ದೇನೆ.

ಇತಿ,
ಡೋಂಬಿವಲಿಯ ಒಬ್ಬ ಟೆಕ್ಸ್ಚರ್ ಆರ್ಟಿಸ್ಟ್