ಎಚ್-ಇಂಡೆಕ್ಸಿನ ಹರಕೆ

ದತ್ತ ಕ್ಷೇತ್ರ ಗಾಣಗಾಪುರದ ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು ಬಂದ ಕಲಬುರಗಿಯ ಸರ್ಜನ್ ಪ್ರಾಧ್ಯಾಪಕರನ್ನು ಪೂಜಾರಿ ಕೇಳಿದ:

"ಏನ್ ಹರಕಿರಿ, ಸಾಹೇಬ್ರ?"

"ಎಚ್-ಇಂಡೆಕ್ಸ್ ಎರಡರಾಗೇ ನಿಂತದ್ರಿ. 2005ರಾಗ ಹಿರ್ಷ್ ಅನ್ನೋ ಭೌತವಿಜ್ಞಾನಿ ಕೊಟ್ಟ ಲೆಕ್ಕ ಅದು. ಐದು ಲೇಖನಕ್ಕ ತಲಾ ಐದು ಉಲ್ಲೇಖ ಸಿಕ್ರ ಇಂಡೆಕ್ಸ್ ಐದು."

"ಐದು ಮನಿ ಮಧುಕರಿ ಭಿಕ್ಷಾ ಬೇಡಿದಂಗ ಆತು! ಆಪರೇಶನ್ ಎಷ್ಟು ಮಾಡೀರಿ?"

"ಸಾವಿರಗಟ್ಟಲೆ. ಅದು ಲೆಕ್ಕಕ್ಕಿಲ್ರಿ."

ಗೋಳು ಪೂರಾ ಸುಳ್ಳಲ್ಲ. ಬಡ್ತಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಪ್ರಕಟಿತ ಲೇಖನ ಕೇಳುತ್ತದೆ. ಎಷ್ಟು ಹರ್ನಿಯಾ ಹೊಲಿದಿರಿ ಎಂದು ಕೇಳುವುದಿಲ್ಲ.

"ಉಳಿದವ್ರು ಹೆಂಗ ಏರಿಸ್ತಾರ?"

"ತಮ್ಮ ಹಳೇ ಲೇಖನ ತಾವೇ ಉಲ್ಲೇಖಿಸ್ತಾರ."

"ತಮ್ಮ ಮನಿ ಬಾಗಲಾಗ ತಾವೇ ಭಿಕ್ಷಾ? ದತ್ತ ಮಹಾರಾಜ್ರು ಒಪ್ಪಂಗಿಲ್ರಿ."

ಗೂಗಲ್ ಸ್ಕಾಲರ್ ಮಾತ್ರ ಅದನ್ನೂ ಎಣಿಸುತ್ತದೆ.