ಸುಕ್ಕಿನ ಸೊಗಸು

ಅಡುಗೆಮನೆಯ ಕಟ್ಟೆಗೆ ಕಲ್ಲು ಆರಿಸಲು ಹೋದಾಗ ಇವರು ಅಂಗಡಿಯ ಬಾಗಿಲಲ್ಲೇ ನಿಂತು, "ಯಾವುದಾದ್ರೂ ಒಂದು ತಗೋ, ಎಲ್ಲಾ ಕಲ್ಲೇ ತಾನೆ" ಎಂದಿದ್ದರು. ಮಗಳ ಕೋಣೆಗೆ ಯಾವ ಬಣ್ಣ ಅಂದರೆ "ಬಿಳಿ" ಎಂದರು. ಬಿಳಿಯಲ್ಲೇ ಒಂದು ಗೋಡೆಯಷ್ಟು ಬಗೆಗಳಿದ್ದದ್ದು ಇವರ ಕಣ್ಣಿಗೆ ಬೀಳಲೇ ಇಲ್ಲ. ಸೀರೆ ಅಂಗಡಿಯ ವಿಷಯ ಎತ್ತುವುದೇ ಬೇಡ. ಇಂಥ ವೈರಾಗ್ಯಮೂರ್ತಿ ಈಗ ರಾತ್ರಿ ಊಟವಾದ ಮೇಲೆ ಅಂಗೈಯಗಲದ ಮರದ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ದೀಪವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ, "ನೋಡೇ, ಇದರಲ್ಲಿ ಕೆಂಪು ಸ್ವಲ್ಪ ಜಾಸ್ತಿಯಾಯ್ತು ಅಲ್ವಾ?" ಎಂದು ಕೇಳುತ್ತಾರೆ. "ಯಾವುದಾದ್ರೂ ಒಂದು ಹಾಕಿ, ಎಲ್ಲಾ ಮರವೇ ತಾನೆ" ಎಂದೆ. ಎರಡು ದಿನ ಮಾತು ಬಿಟ್ಟರು.

ಇದಕ್ಕೆಲ್ಲ ಕಾರಣ ನಮ್ಮ ಗ್ಯಾರೇಜಿನಲ್ಲಿರುವ 1965ರ ಎಂ.ಜಿ.ಬಿ. ರೋಡ್‌ಸ್ಟರ್. ಎರಡೇ ಸೀಟು, ಬಟ್ಟೆಯ ಮಾಡು, ಹಳೇ ದಂತದ ಬಣ್ಣ. ನಾವಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ. ಈ ಕಾರು ತಯಾರಾದ ಆಬಿಂಗ್ಡನ್ ನಮಗೆ ಪಕ್ಕದೂರು. "ಊರಿನ ಕಾರು, ನಾವೇ ನೋಡಿಕೊಳ್ಳದಿದ್ದರೆ ಯಾರು ನೋಡಿಕೊಳ್ತಾರೆ?" ಎಂಬುದು ಇವರು ಅದನ್ನು ಕೊಂಡಾಗ ಹೂಡಿದ ವಾದ. ಆ ಊರಿನ ಕಾರ್ಖಾನೆ 1962ರಿಂದ 1980ರಲ್ಲಿ ಬಾಗಿಲು ಹಾಕುವವರೆಗೆ ಇಂಥ ಐದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹೊರಗೆ ಬಿಟ್ಟಿದೆ. ಅಷ್ಟರಲ್ಲಿ ಅನಾಥವಾಗಿ ಉಳಿದದ್ದು ಇದೊಂದೇ ಎಂಬಂತೆ ಮಾತಾಡಿದರು.

ಎಂ.ಜಿ. ಕೊಂಡಿದ್ದೇವೆ ಎಂದು ಮೈಸೂರಿಗೆ ಫೋನ್ ಮಾಡಿದಾಗ ಅತ್ತೆಯವರು ಸ್ವಲ್ಪವೂ ಬೆರಗಾಗಲಿಲ್ಲ. "ನಮ್ಮ ಬೀದೀಲೇ ಎರಡಿದೆ. ಹೆಕ್ಟರ್ ಅಂತ. ಒಳಗೆ ಟೀವಿಯಷ್ಟು ದೊಡ್ಡ ಪರದೆ, ಮಾತಾಡಿದ್ರೆ ಕೇಳಿಸ್ಕೊಳ್ಳುತ್ತೆ. ನಿಮ್ಮದು ಕೇಳಿಸ್ಕೊಳ್ಳುತ್ತಾ?" ಎಂದರು. ನಮ್ಮದರಲ್ಲಿ ಕೂತವರ ಮಾತು ಪಕ್ಕದಲ್ಲಿರುವವರಿಗೂ ಕೇಳಿಸುವುದಿಲ್ಲ. ಅಷ್ಟು ಗಾಳಿ.

ಕಾರು ಬಂದಾಗ ಡ್ಯಾಶ್‌ಬೋರ್ಡಿನ ಮೇಲೆ ಹಿಂದಿನ ಮಾಲೀಕ ಯಾರೋ ಅಂಟಿಸಿದ್ದ ಮರದ ಚಿತ್ರದ ಪ್ಲಾಸ್ಟಿಕ್ ಹಾಳೆ ಇತ್ತು. ಅದನ್ನು ಕಿತ್ತರೆ ಕೆಳಗೆ ಅಂಟಿನ ಗಸಿ, ಅದರ ಕೆಳಗೆ ತುಕ್ಕು, ಅಲ್ಲಲ್ಲಿ ಯಾವ ಕಾಲದ್ದೋ ರೇಡಿಯೊಗೆ ಕೊರೆದ ತೂತುಗಳು. ಇವರ ಮುಖದಲ್ಲಿ ನಾನು ದುಃಖವನ್ನು ನಿರೀಕ್ಷಿಸಿದ್ದೆ. ಮೂಡಿದ್ದು ಪರಮಾನಂದ. ಎಲ್ಲವನ್ನೂ ಮೊದಲಿನಿಂದ ಆರಿಸಬಹುದಲ್ಲ!

ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಎಂದರೆ ಮರದ ಡ್ಯಾಶ್‌ಬೋರ್ಡ್ ಇರಲೇಬೇಕು ಎಂಬ ನಂಬಿಕೆ ಇವರಿಗೆ ಎಲ್ಲಿಂದ ಅಂಟಿತೋ ಗೊತ್ತಿಲ್ಲ. ಬಹುಶಃ ಹಳೆಯ ಸಿನಿಮಾಗಳಿಂದ. ವಾಲ್ನಟ್ ಮರವೇ ಆಗಬೇಕಂತೆ. ಅದರಲ್ಲೂ ನೇರ ಎಳೆಯದ್ದು ಬೇಡ, ಬರ್ ವಾಲ್ನಟ್ ಬೇಕಂತೆ. ಬರ್ ಎಂದರೆ ಮರದ ಬೊಡ್ಡೆಯಲ್ಲಿ ಬೆಳವಣಿಗೆ ಹಾದಿ ತಪ್ಪಿ ಊದಿಕೊಂಡ ಗಂಟು. ಮೊಳೆಯಲಾಗದ ಮೊಗ್ಗುಗಳು ಅದರೊಳಗೆ ಸುತ್ತಿಕೊಂಡು ಸುಳಿಸುಳಿಯಾಗಿರುತ್ತವೆ. ಆ ಗಂಟನ್ನು ಅರ್ಧ ಮಿಲಿಮೀಟರಿನ ಆಸುಪಾಸಿನ ತೆಳು ಹಾಳೆಗಳಾಗಿ ಹೆರೆದು, ಒಂದರ ಪಕ್ಕ ಒಂದು ಬರುವ ಹಾಳೆಗಳನ್ನು ಪುಸ್ತಕ ತೆರೆದ ಹಾಗೆ ಬಿಡಿಸಿ, ಎಡಬಲ ಒಂದಕ್ಕೊಂದು ಕನ್ನಡಿಯಾಗುವಂತೆ ಪ್ಲೈವುಡ್ಡಿನ ಮೇಲೆ ಅಂಟಿಸುತ್ತಾರೆ. ಅಂದರೆ ಅಷ್ಟು ಗತ್ತಿನ ಆ ಮರದ ಹಲಗೆ ನಿಜಕ್ಕೆ ಪ್ಲೈವುಡ್ಡು. ಮರ ಎಂಬುದು ಅದರ ಮೇಲಿನ ಸಿಪ್ಪೆ. ಇದನ್ನು ನಾನು ಬಾಯಿಬಿಟ್ಟು ಹೇಳಿದಾಗ ಇವರು, "ರೋಲ್ಸ್‌ರಾಯ್ಸ್‌ನಲ್ಲೂ ವಿನೀರೇ" ಎಂದರು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು ಎಂದು ಅವರ ಲೆಕ್ಕ.

ಅಷ್ಟರಲ್ಲಿ ಸುದ್ದಿ ಮೈಸೂರಿಗೆ ತಲುಪಿ ಮಾವನವರು ರಂಗಕ್ಕಿಳಿದರು. "ಬೀಟೆ ಮರ ಬಿಟ್ಟು ಅಕ್ರೋಟದ ಮರಕ್ಕೆ ಯಾಕೋ ಜೋತುಬೀಳ್ತೀಯ? ಇನ್‌ಲೇ ಕೆಲಸದವರು ಇಲ್ಲೇ ಇದ್ದಾರೆ, ನಾನೇ ಮಾತಾಡ್ತೀನಿ" ಎಂದರು. ಮಾತಾಡಿಯೂ ಬಿಟ್ಟರು. ಮರುದಿನ ವಾಟ್ಸಪ್ಪಿನಲ್ಲಿ ಒಂದು ಪೆನ್ಸಿಲ್ ಚಿತ್ರ ಬಂತು: ಬಲಕ್ಕೆ ಸ್ಪೀಡೋಮೀಟರು, ಎಡಕ್ಕೆ ಗ್ಲೋವ್ ಬಾಕ್ಸು, ನಡುವೆ ಜಂಬೂಸವಾರಿ. ಅಂಬಾರಿ ಆನೆ, ಮುಂದೆ ನಿಶಾನೆ ಆನೆ, ಹಿಂದೆ ಎರಡು ಒಂಟೆ. ಇಗ್ನಿಷನ್ ಕೀ ಹಾಕುವ ತೂತು ಆನೆಯ ಕಣ್ಣಿಗೆ ಸರಿಯಾಗಿ ಬಂದಿತ್ತು. ನನಗಂತೂ ಬಹಳ ಹಿಡಿಸಿತು. ಇವರು ಬೆವರಿದರು. ಅಪ್ಪನಿಗೆ ಬೇಡ ಎನ್ನುವ ಧೈರ್ಯ ಐವತ್ತರ ಹತ್ತಿರ ಬಂದರೂ ಇವರಿಗೆ ಬಂದಿಲ್ಲ. ಕೊನೆಗೆ ಕೈಹಿಡಿದದ್ದು ಅಂತರರಾಷ್ಟ್ರೀಯ ಕಾನೂನು. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗೆ ಬೀಟೆಯ ಇಡೀ ಕುಲವೇ 2017ರಲ್ಲಿ ಸೇರಿಹೋಗಿದೆ. "ಗಡಿ ದಾಟಿಸೋಕೆ ಕಾಗದಪತ್ರದ ರಗಳೆ ಅಪ್ಪಾ" ಎಂದು ಇವರು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನಷ್ಟು ನೆಮ್ಮದಿಯ ಉಸಿರನ್ನು ನಾನು ಈ ಮನೆಯಲ್ಲಿ ಕೇಳಿಲ್ಲ.

ಮಾವ ಅಷ್ಟಕ್ಕೇ ಬಿಡುವವರಲ್ಲ. "ಮರ ಯಾವುದಾದ್ರೂ ಇರಲಿ, ಮೆರುಗು ಅರಗಿನದೇ ಹಾಕಿಸು. ಚನ್ನಪಟ್ಟಣದ ಬೊಂಬೆ ನೋಡಿದೀಯಲ್ಲ" ಎಂದರು. ಇದರಲ್ಲಿ ಒಂದು ಸತ್ಯವಿದೆ. ಇಂಗ್ಲೆಂಡಿನ ದೊಡ್ಡಮನೆಗಳ ಪಿಯಾನೊ, ಮೇಜು, ಕಪಾಟುಗಳಿಗೆ ಮುಖ ಕಾಣುವ ಹಾಗೆ ಹೊಳಪು ಕೊಟ್ಟ ಫ್ರೆಂಚ್ ಪಾಲಿಶ್ ಎಂಬುದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗೇ. ನಮ್ಮ ಕಡೆಯ ಕಾಡುಮರಗಳ ಕೊಂಬೆಗೆ ಅಂಟಿಕೊಂಡ ಪುಟ್ಟ ಹುಳು ಒಸರಿದ್ದನ್ನು ಹಡಗು ಹತ್ತಿಸಿ ತಂದು, ಫ್ರಾನ್ಸಿನ ಹೆಸರಿಟ್ಟು, ಇಂಗ್ಲಿಷರು ಮೆರೆದರು. ಹುಳುವಿಗೆ ಯಾರೂ ಹೇಳಲಿಲ್ಲ. ಆದರೆ ಅರಗಿಗೆ ನೀರು ಆಗದು, ಬಿಸಿಯೂ ಆಗದು. ಟೀ ಲೋಟ ಇಟ್ಟರೆ ಬಿಳೀ ಉಂಗುರ ಮೂಡುತ್ತದೆ. ನಮ್ಮ ಕಾರಿನ ಮಾಡೋ, ಮಳೆಯನ್ನು ಹೊರಗೇ ನಿಲ್ಲಿಸಬೇಕು ಎಂಬ ಹಟ ಹಿಡಿದದ್ದಲ್ಲ. ಹಾಗಾಗಿ ಅರಗು ಬಿಟ್ಟು ಈಗಿನವರು ದಪ್ಪಗೆ ಪಾಲಿಯೆಸ್ಟರ್ ಲ್ಯಾಕರ್ ಹೊಡೆದು ತಿಕ್ಕುತ್ತಾರೆ. ಅದಾದ ಮೇಲೆ ಮರ ಗಾಜಿನ ಪೆಟ್ಟಿಗೆಯೊಳಗಿನ ವಸ್ತುವಿನ ಹಾಗೆ ಕಾಣುತ್ತದೆ, ಮುಟ್ಟಿದರೆ ಪ್ಲಾಸ್ಟಿಕ್ಕು. ಮೊದಲು ಕಿತ್ತೆಸೆದ ಹಾಳೆಯೂ ಪ್ಲಾಸ್ಟಿಕ್ಕೇ ಆಗಿತ್ತಲ್ಲ ಎಂದು ಮಗಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಇನ್ನೊಂದು ಫಜೀತಿಯೆಂದರೆ ವಾಲ್ನಟ್ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ಇಂಗ್ಲೆಂಡಿನ ಬಿಸಿಲಿಗೆ ಬಿಳಿಚಿಕೊಳ್ಳಬೇಕಾದರೆ ಆ ಮರಕ್ಕೆ ಎಷ್ಟು ತಾಳ್ಮೆ ಇರಬೇಡ!

ಮರ ಸ್ವಲ್ಪ ಹಿಂದೆ ಸರಿದ ಆ ಸಂಧಿಯಲ್ಲಿ ಅಲ್ಯುಮಿನಿಯಂ ಬಂತು. ಬುಗಾಟಿ ಟೈಪ್ 35 ಎಂಬ 1920ರ ದಶಕದ ರೇಸು ಕಾರಿನ ಡ್ಯಾಶ್‌ಬೋರ್ಡ್ ಅಲ್ಯುಮಿನಿಯಮ್ಮಿನದು. ಅದರ ತುಂಬ ಒಂದರ ಮೇಲೊಂದು ಅರ್ಧರ್ಧ ಕೂತ ಪುಟ್ಟ ಪುಟ್ಟ ಸುತ್ತುಗಳು. ತಿರುಗುವ ಕೋಲಿನ ತುದಿಗೆ ಉಜ್ಜುಪುಡಿ ಹಚ್ಚಿ, ಒಂದೊಂದೇ ಸುತ್ತನ್ನು ಒತ್ತುತ್ತ ಹೋಗಬೇಕು. ಜಾಗ್ವಾರ್ ಇ-ಟೈಪ್ ಕೂಡ 1961ರಲ್ಲಿ ಬಂದಾಗ ನಡುಹಲಗೆಗೆ ಅಚ್ಚೊತ್ತಿದ ಅಲ್ಯುಮಿನಿಯಮ್ಮನ್ನೇ ತೊಟ್ಟಿತ್ತು; ಎರಡು ವರ್ಷದಲ್ಲಿ ಅದನ್ನು ಬಿಟ್ಟು ಕಪ್ಪು ಹೊದಿಕೆಗೆ ಬಂತು. ಇಷ್ಟನ್ನು ಓದಿ ಸುಮ್ಮನಿರುವ ಜೀವವಲ್ಲ ಇವರದು. ಡ್ರಿಲ್ ಹಿಡಿದು ಅಭ್ಯಾಸ ಮಾಡಲು ಒಂದು ಚಪ್ಪಟೆ ಲೋಹದ ತಟ್ಟೆ ಬೇಕಾಯಿತು. ನನ್ನ ಒಗ್ಗರಣೆ ಡಬ್ಬಿಯ ಮುಚ್ಚಳ ಕಣ್ಣಿಗೆ ಬಿತ್ತು. ಆ ಮುಚ್ಚಳದ ಮೇಲೆ ಈಗ ಬುಗಾಟಿಯ ಸುತ್ತುಗಳಿವೆ. ಮೊದಲ ಸಾಲು ನೇರವಾಗಿದೆ, ಎರಡನೆಯದು ಜೀರಿಗೆಯ ಕಡೆಗೆ ವಾಲಿದೆ, ಮೂರನೆಯದು ಇಲ್ಲ. ಆ ಹೊತ್ತಿಗೆ ನಾನು ಗ್ಯಾರೇಜಿಗೆ ಬಂದಿದ್ದೆ.

ಎದುರುಮನೆಯ ಮುದುಕರು ಒಂದು ಕಾಲಕ್ಕೆ ಆಬಿಂಗ್ಡನ್ ಕಾರ್ಖಾನೆಯಲ್ಲೇ ದುಡಿದವರು. ಒಂದು ಭಾನುವಾರ ಟೀಗೆ ಕರೆದು ಇವರು ಎಲ್ಲ ತುಂಡುಗಳನ್ನೂ ಅವರ ಮುಂದೆ ಹರವಿದರು. ಅವರು ಒಂದನ್ನೂ ಮುಟ್ಟಲಿಲ್ಲ. "ನಿಮ್ಮ ಕಾರಿಗೆ ನಾವು ಮರ ಹಾಕಿದ್ದೇ ಇಲ್ಲವಲ್ಲ" ಎಂದರು.

ಹೌದು, ಹಾಕಿಯೇ ಇರಲಿಲ್ಲ. ಅದೇ ಆಬಿಂಗ್ಡನ್ನಿನಲ್ಲಿ ಅದೇ ಕಾಲದಲ್ಲಿ ತಯಾರಾಗುತ್ತಿದ್ದ, ಬೆಲೆಯಲ್ಲಿ ಒಂದು ಮೆಟ್ಟಿಲು ಮೇಲಿದ್ದ ಆಸ್ಟಿನ್-ಹೀಲಿ 3000ಕ್ಕೆ 1964ರಲ್ಲಿ ವಾಲ್ನಟ್ ಬಂತು. ಎಂ.ಜಿ.ಬಿ.ಗೆ ಸಿಕ್ಕಿದ್ದು ಉಕ್ಕಿನ ತಗಡು, ಅದರ ಮೇಲೆ ಕ್ರ್ಯಾಕಲ್ ಬ್ಲ್ಯಾಕ್ ಎಂಬ ಸುಕ್ಕುಗಟ್ಟಿದ ಕಪ್ಪು ಬಣ್ಣ. ಅಮೆರಿಕಕ್ಕೆ ಹೋಗುವ ಕಾರುಗಳಿಗಂತೂ 1968ರ ಹೊತ್ತಿಗೆ ಅಲ್ಲಿನ ಸುರಕ್ಷತಾ ನಿಯಮದಿಂದ ತಗಡೂ ಹೋಯಿತು. ಅಪಘಾತದಲ್ಲಿ ತಲೆ ಬಡಿದರೆ ಪೆಟ್ಟಾಗಬಾರದೆಂದು ಉಬ್ಬಿದ ಮೆತ್ತೆಯ ಡ್ಯಾಶ್‌ಬೋರ್ಡ್ ಕೂರಿಸಿದರು. ಗ್ಲೋವ್ ಬಾಕ್ಸಿಗೂ ಜಾಗ ಉಳಿಯಲಿಲ್ಲ. ಈ ಕಾರಿನ ಅಭಿಮಾನಿಗಳು ಅದನ್ನು 'ಆಬಿಂಗ್ಡನ್ ದಿಂಬು' ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ. ಇನ್ನು ಇದೇ ಮೈಕಟ್ಟಿನ ಮೇಲೆ 1992ರಲ್ಲಿ ಬಂದ ಆರ್.ವಿ.8 ಎಂಬ ದುಬಾರಿ ಅವತಾರದಲ್ಲಿ ಮರ ಕಾಣಿಸಿಕೊಂಡಿತು. ಅದೂ ಎಲ್ಮ್ ಮರದ ಗಂಟು, ವಾಲ್ನಟ್ ಅಲ್ಲ. ಹಾಗಿದ್ದೂ ಎಂ.ಜಿ.ಬಿ.ಗೆಂದೇ ವಾಲ್ನಟ್ ಹಲಗೆ ಮಾಡಿ ಮಾರುವವರಿಗೆ ಇಲ್ಲಿ ಬರವಿಲ್ಲ. ಎಂದೂ ಇರದಿದ್ದ ಗತಕಾಲಕ್ಕೆ ಗಿರಾಕಿಗಳು ಬಹಳ.

"ಮತ್ತೆ ಆ ಸುಕ್ಕು ಬಣ್ಣ ಯಾಕೆ ಬಳಿದಿರಿ?" ಎಂದು ನಾನೇ ಕೇಳಿದೆ. ವಿಮಾನದ ಗತ್ತು, ಯುದ್ಧಕಾಲದ ನೆನಪು, ಕಣ್ಣಿಗೆ ಬಿಸಿಲು ಹೊಡೆಯದ ಜಾಣತನ ಎಂದೆಲ್ಲ ಇವರು ನನಗೆ ಆಗಲೇ ಪಾಠ ಹೇಳಿದ್ದರು. ಮುದುಕರು ಬಿಸ್ಕತ್ತು ಅದ್ದುತ್ತ, "ತಗಡಿನ ಡೊಂಕು ಮುಚ್ಚುತ್ತೆ. ಉಜ್ಜಿ ನಯ ಮಾಡೋ ಖರ್ಚಿಲ್ಲ" ಎಂದರು. ಇವರು ಆ ಮಾತನ್ನು ಮಂತ್ರೋಪದೇಶದಂತೆ ಕೇಳಿಸಿಕೊಂಡರು. ಕಾರ್ಖಾನೆ ಕಾಸು ಉಳಿಸಲು ಮಾಡಿದ್ದನ್ನೇ ಕಾಸು ಸುರಿದು ಮಾಡುವುದಕ್ಕೆ ಒರಿಜಿನಾಲಿಟಿ ಎನ್ನುತ್ತಾರೆ ಎಂದು ನನಗೆ ಅವತ್ತು ಅರ್ಥವಾಯಿತು. ವಾಲ್ನಟ್ ತುಂಡುಗಳು ಅಂದಿನಿಂದ ನಮ್ಮ ಮನೆಯಲ್ಲಿ ಲೋಟ ಇಡುವ ಮಣೆಗಳು.

ಸುಕ್ಕು ಬಣ್ಣದ ಗುಟ್ಟು ತಮಾಷೆಯಾಗಿದೆ. ಬೇರೆ ಬಣ್ಣಗಳಲ್ಲಿ ಯಾವುದನ್ನು ಪೇಂಟರ್ ತಪ್ಪು ಎಂದು ಕೆರೆದು ಹಾಕುತ್ತಾನೋ ಅದೇ ಇಲ್ಲಿ ಗುರಿ. ಬಣ್ಣದ ಮೇಲ್ಪದರ ಬೇಗ ಒಣಗುತ್ತದೆ, ಒಳಗಿನದು ಇನ್ನೂ ಹಸಿ. ಕಾಯಿಸಿಟ್ಟ ಹಾಲು ಆರುವಾಗ ಕೆನೆ ಸುಕ್ಕುಗಟ್ಟುತ್ತದಲ್ಲ, ಹಾಗೆ ಮೇಲಿನ ಪೊರೆ ಮುದುಡಿಕೊಂಡು ಗೆರೆಗೆರೆಯಾಗುತ್ತದೆ. ಹಳೆಯ ಕ್ಯಾಮೆರಾ, ಟೈಪ್‌ರೈಟರು, ರೇಡಿಯೊಗಳ ಮೈಮೇಲೆಲ್ಲ ಇದೇ ಬಣ್ಣ. ತೆಳ್ಳಗೆ ಹೊಡೆದರೆ ಸಣ್ಣ ಸುಕ್ಕು, ದಪ್ಪಗೆ ಹೊಡೆದರೆ ದೊಡ್ಡ ಸುಕ್ಕು, ಹದ ತಪ್ಪಿದರೆ ಅರ್ಧ ಹಲಗೆಗೆ ಯೌವನ ಅರ್ಧಕ್ಕೆ ಮುಪ್ಪು. ಒಂದೇ ಮನೆಯಲ್ಲಿ ನಾನು ಸುಕ್ಕು ಹೋಗುವ ಕ್ರೀಮಿಗೆ ದುಡ್ಡು ಕೊಡುತ್ತಿದ್ದರೆ ಇವರು ಸುಕ್ಕು ಬರುವ ಬಣ್ಣಕ್ಕೆ ಕೊಡುತ್ತಿದ್ದರು. ಇವರದೇ ಹೆಚ್ಚು ಕೆಲಸ ಮಾಡಿತು ಎಂದು ಒಪ್ಪಬೇಕು.

ಸುಕ್ಕು ಸಮನಾಗಿ ಬರಬೇಕಾದರೆ ಶಾಖ ಬೇಕು. ಇಂಗ್ಲೆಂಡಿನಲ್ಲಿ ಶಾಖ ಸಿಗುವುದು ಅಡುಗೆಮನೆಯಲ್ಲಿ ಮಾತ್ರ. ನಾನು ಲೈಬ್ರರಿಗೆ ಹೋಗಿ ಬರುವಷ್ಟರಲ್ಲಿ ಓವನ್ನಿನಲ್ಲಿ ಮಾದರಿ ತಗಡುಗಳು ಬೇಯುತ್ತಿದ್ದವು. ಕಿಟಕಿಗಳೆಲ್ಲ ಹಾರುಹೊಡೆದಿದ್ದವು, ಹೊಗೆಯ ಅಲಾರಂ ಬಾಯಿಗೆ ಟೀ ಟವಲ್ಲು ಸುತ್ತಿತ್ತು, ಇವರು ಗಾಜಿಗೆ ಮೂಗು ಒತ್ತಿ ಕೂತಿದ್ದರು. "ಬಂತು ನೋಡು, ಬಂತು ನೋಡು!" ಮಗಳು ಹುಟ್ಟಿದ ದಿನವೂ ಈ ಧ್ವನಿ ಇಷ್ಟು ಏರಿರಲಿಲ್ಲ. ಆ ಓವನ್ನಿನಲ್ಲಿ ಆಮೇಲೆ ನಾನು ಏನನ್ನೂ ಬೇಯಿಸಿಲ್ಲ. ಈಗ ಅದು ಗ್ಯಾರೇಜಿನಲ್ಲಿದೆ, ಅಡುಗೆಮನೆಗೆ ಹೊಸದು ಬಂದಿದೆ. ಹೊಸ ಓವನ್ ಆರಿಸುವಾಗ ಇವರು ಎಂದಿನಂತೆ "ಯಾವುದಾದ್ರೂ ತಗೋ" ಎಂದರು. ಅಂಗಡಿಯಲ್ಲಿದ್ದ ಅತಿ ದುಬಾರಿಯದನ್ನು ತೆಗೆದುಕೊಂಡೆ.

ಕೊನೆಗೂ ಡ್ಯಾಶ್‌ಬೋರ್ಡ್ ಕೂತಿತು. ತೂತುಗಳಿಗೆ ಬೆಸುಗೆ, ಮೈಯೆಲ್ಲ ಸಣ್ಣ ಸುಕ್ಕಿನ ಕಪ್ಪು, ಬಲಗಡೆ ದೊಡ್ಡ ಎರಡು ಮೀಟರುಗಳು, ಎಣ್ಣೆಯ ಒತ್ತಡವನ್ನೂ ನೀರಿನ ಬಿಸಿಯನ್ನೂ ಒಂದೇ ಮುಖದಲ್ಲಿ ತೋರಿಸುವ ಜೋಡಿ ಗೇಜು. ಚೆನ್ನಾಗಿಯೇ ಕಾಣುತ್ತಿತ್ತು. ನಾನು ಹಾಗೆಂದು ಹೇಳಲಿಲ್ಲ, ಅಷ್ಟೆ.

ಅದೇ ವಾರ ಮೈಸೂರಿನಿಂದ ಅತ್ತೆಯವರ ಪಾರ್ಸೆಲ್ ಬಂತು: ಚಟ್ನಿಪುಡಿ, ಹುರಿಗಾಳು, ಹೆಬ್ಬೆರಳ ಗಾತ್ರದ ಒಂದು ಗಣಪತಿ. ಗಣಪತಿಯಿಲ್ಲದ ಕಾರನ್ನು ಅತ್ತೆಯವರು ಕಾರೆಂದೇ ಎಣಿಸುವುದಿಲ್ಲ. 1965ರ ಕಾರ್ಖಾನೆಯ ಪಟ್ಟಿಯಲ್ಲಿ ಗಣಪತಿ ಇರಲಿಲ್ಲವೆಂದು ಇವರು ಗೊಣಗಿದರು, ಆದರೆ ಫೋನಿನಲ್ಲಲ್ಲ. ಮೊದಲು ಅಂಟುಪಟ್ಟಿ ಹಾಕಿದರು. ಸುಕ್ಕಿನ ಮೇಲೆ ಅಂಟು ನಿಲ್ಲದೆ ಮೊದಲ ತಿರುವಿಗೇ ಗಣಪತಿ ನನ್ನ ಮಡಿಲಿಗೆ ಬಂದ. ಎತ್ತಿ ತಿರುಗಿಸಿ ನೋಡಿದರೆ ಪೀಠದಲ್ಲಿ ಆಯಸ್ಕಾಂತ ಇತ್ತು. ಟಪ್ ಎಂದು ಉಕ್ಕಿಗೆ ಕಚ್ಚಿಕೊಂಡ. ವಾಲ್ನಟ್ ಆಗಿದ್ದರೆ ಕಚ್ಚುತ್ತಿದ್ದನೇ? ಮಾವನವರ ಬೀಟೆ ಮರಕ್ಕಂತೂ ಸಾಧ್ಯವೇ ಇರಲಿಲ್ಲ. ಅತ್ತೆಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆವು. "ನೋಡಿದ್ರಾ, ತಗಡೇ ಒಳ್ಳೇದು" ಎಂದು ಅವರು ಮಾವನ ಕಡೆ ತಿರುಗಿ ತೀರ್ಪು ಕೊಟ್ಟರು.

ಆದರೆ ಸ್ಪೀಡೋಮೀಟರಿನ ಹತ್ತಿರ ಇಡುವಂತಿಲ್ಲವಂತೆ. ಅದರೊಳಗೂ ತಿರುಗುವ ಆಯಸ್ಕಾಂತವೇ ಮುಳ್ಳನ್ನು ಎಳೆಯುವುದು. ಗಣಪತಿಯ ಪ್ರಭಾವದಿಂದ ವೇಗ ತಪ್ಪು ತೋರಿಸಿದರೆ ಏನು ಗತಿ ಎಂದು ಇವರ ಆತಂಕ. ಹಾಗಾಗಿ ಚಾಲಕನ ಎದುರಿಗಿರಬೇಕಾದ ವಿಘ್ನೇಶ್ವರ ಎಡಗಡೆಯ ತುದಿಗೆ, ನನ್ನ ಮುಂದೆ ಕೂತಿದ್ದಾನೆ. ಇವರು ಗೇರು ಬದಲಿಸಿದಾಗಲೆಲ್ಲ ನಾನೂ ಅವನೂ ಮುಖ ಮುಖ ನೋಡಿಕೊಳ್ಳುತ್ತೇವೆ. ಮುಂದಿನ ತಿಂಗಳು ಸೀಟಿನ ಚರ್ಮ ಆರಿಸುವುದಿದೆಯಂತೆ. ಅಂಚಿನ ಪೈಪಿಂಗಿಗೆ ಬಿಳಿ ಹಾಕಿಸುತ್ತಾರಂತೆ. ಯಾವ ಬಿಳಿ ಎಂದು ಇನ್ನೂ ತೀರ್ಮಾನವಾಗಿಲ್ಲ.