ಗೃಹವಿಮಾನ ಹಿಡಿಕೆ ಮೀಮಾಂಸೆ

ಪೀಠಿಕೆ

ಕೃಷ್ಣಾ–ತುಂಗಭದ್ರೆಯರ ನಡುವಿನ ದೋಆಬಿಗಾಗಿ ವಿಜಯನಗರದವರೂ ಬಹಮನಿಯವರೂ ತಲೆಮಾರುಗಟ್ಟಲೆ ಬಡಿದಾಡಿದರು. ಆ ಕಾಳಗಗಳ ಮೇಲೆ ಗ್ರಂಥಗಳು ಬೇಕಾದಷ್ಟಿವೆ. ಅದೇ ನೆಲದಲ್ಲಿ ಈಗ ನಡೆದಿರುವ ಇನ್ನೊಂದು ಕಾಳಗ ಮಾತ್ರ ಯಾವ ಇತಿಹಾಸಕಾರನ ಕಣ್ಣಿಗೂ ಬಿದ್ದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವನು ಕೈಯಲ್ಲಿ ಏನು ಹಿಡಿಯಬೇಕು? ಜಾಯ್‌ಸ್ಟಿಕ್ಕೋ, ಸ್ಟೇರಿಂಗಿನಂಥ ಯೋಕೋ, ಬರೀ ಕೀಬೋರ್ಡೋ?

ಅಧ್ಯಯನದ ವ್ಯಾಪ್ತಿ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಾಲಾಗಿ ಕೂತಿರುವ ಸಿಂಧನೂರು, ಮಸ್ಕಿ, ಲಿಂಗಸುಗೂರು. ಮೂರೂ ಊರುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದ್ದರಿಂದ ಸಂಶೋಧನೆ ಸಂಪೂರ್ಣ ನಿಷ್ಪಕ್ಷಪಾತವಾಗಿದೆ.

ಪೂರ್ವಸೂರಿಗಳು

ಶಾಸ್ತ್ರವೆಂದ ಮೇಲೆ ಹಿಂದಿನವರಿಗೆ ಕೈಮುಗಿದೇ ಮುಂದೆ ಹೋಗಬೇಕು. ಕನ್ನಡ ನಾಡಿನಲ್ಲಿ ನೆಲ ಬಿಡದೆ ವಿಮಾನ ಹಾರಿಸಿದವರಲ್ಲಿ ಮೊದಲ ಮಣೆ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳಿಗೆ. 1918ರಿಂದ 1923ರವರೆಗೆ ಅವರು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ ಭರದ್ವಾಜ ಮಹರ್ಷಿಯದೆಂದು ಪ್ರಚಾರವಾಯಿತು. ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಚಾಲಕ ಅರಿತಿರಬೇಕಾದ 32 ರಹಸ್ಯಗಳು ಅದರಲ್ಲಿವೆ, ಅವನ ಊಟ ಉಡುಪಿನ ವಿಧಿಯೂ ಇದೆ. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಲೆಕ್ಕ ಹಾಕಿ ನೋಡಿ, ಅಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂದು ತೀರ್ಪು ಕೊಟ್ಟರು. ಪ್ರಬಂಧಕಾರನ ವಿನಮ್ರ ಮತದಲ್ಲಿ ಐವರೂ ಪ್ರಕರಣವನ್ನೇ ತಪ್ಪಾಗಿ ಗ್ರಹಿಸಿದರು. ಅವು ಸಿಮ್ಯುಲೇಟರ್ ವಿಮಾನಗಳು. ಹಾರದಿರುವುದೇ ಅವುಗಳ ಲಕ್ಷಣ. ಶಾಸ್ತ್ರಿಗಳ ಲೋಪ ಬೇರೆಯೇ ಇದೆ: ಕಂಪ್ಯೂಟರಿಗೆ ಎಷ್ಟು ಯುಎಸ್‌ಬಿ ಕಿಂಡಿ ಬೇಕೆಂಬುದನ್ನು 32ರಲ್ಲಿ ಒಂದು ರಹಸ್ಯವೂ ತಿಳಿಸುವುದಿಲ್ಲ.

ಪಡುವಣ ಪರಂಪರೆಯ ಮೂಲಪುರುಷ ಎಡ್ವಿನ್ ಲಿಂಕ್. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಅವನ ಅಪ್ಪನದು ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆ. 1929ರಲ್ಲಿ ಆತ ಆರ್ಗನ್ನಿನ ತಿದಿಗಳನ್ನೇ ಜೋಡಿಸಿ, ಗಿಡ್ಡ ರೆಕ್ಕೆಯ ಪೆಟ್ಟಿಗೆಯೊಂದು ನಿಂತಲ್ಲೇ ಓಲಾಡಿ ಮುಗ್ಗರಿಸುವಂತೆ ಮಾಡಿದ. ಮೊದಮೊದಲು ಅದು ಹೋದದ್ದು ಆಟದ ಪಾರ್ಕುಗಳಿಗೆ. 1934ರಲ್ಲಿ ಟಪಾಲು ಹೊತ್ತು ಹೊರಟ ಸೇನೆಯ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಅಮೆರಿಕದ ಸೇನೆ ಎಚ್ಚೆತ್ತು ಆರು ಪೆಟ್ಟಿಗೆ ಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅದರಲ್ಲಿ ಕೂತು ಕಲಿತವರು ಲಕ್ಷಾಂತರ. ಹಾರಾಟದ ಕಲಿಕೆ ಗಾಳಿತಿದಿಯಿಂದ ಹುಟ್ಟಿತೆಂದ ಮೇಲೆ, ನಮ್ಮ ಸೀಮೆಯ ನಾಟಕ ಕಂಪನಿಗಳಲ್ಲಿ ಕಾಲುಪೆಟ್ಟಿಗೆ ಬಾರಿಸುತ್ತಿದ್ದ ಹಾರ್ಮೋನಿಯಂ ಮಾಸ್ತರರೇ ಈ ಭಾಗದ ಆದ್ಯ ಪೈಲಟ್‌ಗಳು ಎಂಬ ವಾದಕ್ಕೆ ಬಲ ಬರುತ್ತದೆ. ಕೈ ಸ್ವರದ ಮೇಲೆ, ಕಾಲು ಪೆಡಲಿನ ಮೇಲೆ. ಕಾಲಿನ ಮಾತನ್ನು ಓದುಗರು ಮರೆಯಬಾರದು, ಮುಂದೆ ಬೇಕಾಗುತ್ತದೆ.

ಮಸ್ಕಿ ಪಂಥ

ಮೂರು ಊರಿಗೆ ಮೂರು ಪಂಥ. ಮೂರರಲ್ಲಿ ಇದು ಅತ್ಯಂತ ಪ್ರಾಚೀನ, ಅತ್ಯಂತ ಅಗ್ಗ. ಕೀಬೋರ್ಡ್ ಒಂದಿದ್ದರೆ ಸಾಕೆಂಬುದು ಇವರ ಸಿದ್ಧಾಂತ. ಪ್ರಮಾಣ ಊರ ಗುಡ್ಡದ ಬಂಡೆಯ ಮೇಲಿದೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಇಲ್ಲಿ ಅಶೋಕನ ಕಿರುಶಾಸನವನ್ನು ಪತ್ತೆ ಹಚ್ಚಿದ. ಅಲ್ಲಿಯತನಕ ಸಿಕ್ಕಿದ್ದ ಶಾಸನಗಳಲ್ಲಿ ಅರಸ ‘ದೇವಾನಾಂಪಿಯ’, ‘ಪಿಯದಸಿ’ ಎಂಬ ಬಿರುದುಗಳ ಹಿಂದೆ ಅಡಗಿದ್ದ. ಅಸೋಕ ಎಂಬ ಸ್ವಂತ ಹೆಸರು ಮೊದಲು ಕಾಣಿಸಿದ್ದು ಇಲ್ಲಿ. ಯೂಸರ್‌ನೇಮ್ ಹಿಂದಿದ್ದ ಮನುಷ್ಯ ಕೈಗೆ ಸಿಕ್ಕ ಮೊದಲ ಊರು ಮಸ್ಕಿ ಎಂದು ಇವರು ಎದೆಯುಬ್ಬಿಸಿ ಹೇಳುವುದರಲ್ಲಿ ಅರ್ಥವಿದೆ.

ಆ ಶಾಸನದ ತಾತ್ಪರ್ಯ ಹೀಗಿದೆ: ಮೇಲಿನ ಲೋಕ ದೊಡ್ಡವರಿಗಷ್ಟೇ ಮೀಸಲಲ್ಲ, ಧರ್ಮದಿಂದ ನಡೆದರೆ ಸಣ್ಣವನೂ ಅಲ್ಲಿಗೆ ಮುಟ್ಟಬಲ್ಲ. ಮಸ್ಕಿ ಪಂಥ ಇದನ್ನು ಹಾಗೆಯೇ ಎತ್ತಿ ವಿಮಾನಕ್ಕೆ ಅನ್ವಯಿಸುತ್ತದೆ. ಹತ್ತಾರು ಸಾವಿರ ರೂಪಾಯಿಯ ಯೋಕ್ ಇಲ್ಲದವನೂ 35,000 ಅಡಿ ಏರಬಲ್ಲ.

ಏರಬಲ್ಲ, ಒಪ್ಪೋಣ. ಇಳಿಯುವುದು ಹೇಗೆ? ಬಂಡೆಯ ಮೇಲೆ ಅಕ್ಷರ ಒಂದೋ ಕೊರೆದಿರುತ್ತದೆ, ಇಲ್ಲವೇ ಇಲ್ಲ. ಕೀಲಿಯ ಕಥೆಯೂ ಅಷ್ಟೇ: ಒತ್ತಿದೆ, ಇಲ್ಲವೇ ಒತ್ತಿಲ್ಲ. ವಿಮಾನ ಕೇಳುವುದು ಇವೆರಡರ ನಡುವಿನದನ್ನು, ಒಂಚೂರು ಎಡಕ್ಕೆ, ಅದರ ಅರ್ಧದಷ್ಟು ಮೇಲಕ್ಕೆ. ಅಶೋಕನಿಗೆ ಈ ತೊಂದರೆ ಇರಲಿಲ್ಲ. ಆತ ಶಾಸನವನ್ನು ಇಳಿಸಬೇಕಾಗಿರಲಿಲ್ಲ.

(ಹೆಬ್ಬೆರಳಿನಲ್ಲಿ ಗೇಮ್‌ಪ್ಯಾಡ್ ಒತ್ತುವವರ ಉಪಪಂಥವೊಂದಿದೆ. ಶಾಸ್ತ್ರ ಇವರನ್ನು ಪಂಕ್ತಿಗೆ ಕೂರಿಸುವುದಿಲ್ಲ. ಕಡಿಮೆ ಖರ್ಚಿನಲ್ಲಿ ಹೆಚ್ಚು ಖುಷಿಯಾಗಿರುವವರು ಇವರೇ ಎಂಬುದನ್ನು ಶಾಸ್ತ್ರ ಹೊರಗೆ ಬಿಟ್ಟುಕೊಡುವುದೂ ಇಲ್ಲ.)

ಲಿಂಗಸುಗೂರು ಪಂಥ

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ದಂಡು ಬೀಡುಬಿಟ್ಟಿದ್ದ ಊರಿದು. ಆದ್ದರಿಂದ ಇಲ್ಲಿಯವರಿಗೆ ಪ್ರಯಾಣಿಕರ ವಿಮಾನ ರುಚಿಸುವುದಿಲ್ಲ, ಯುದ್ಧವಿಮಾನವೇ ಆಗಬೇಕು. ಬಲಗೈಗೆ ಸ್ಟಿಕ್, ಎಡಗೈಗೆ ಥ್ರಾಟಲ್, ಎರಡರ ಮೈತುಂಬ ಗುಂಡಿಗಳು; ಈ ಜೋಡಿಗೆ ಹೋಟಾಸ್ ಎಂದು ಹೆಸರು. ಥ್ರಸ್ಟ್‌ಮಾಸ್ಟರಿನ ವಾರ್ಟ್‌ಹಾಗ್ ಇವರ ಪೂಜಾಮೂರ್ತಿ. ಅದು ಅಮೆರಿಕದ ಎ-10 ವಿಮಾನದ ಹಿಡಿಕೆಯ ಪಡಿಯಚ್ಚು. ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇರುವುದರಿಂದ ಬೆಲೆಯ ವಿಚಾರದಲ್ಲಿ ಇವರಿಗೆ ಅಳುಕು ಕಡಿಮೆ.

ಇವರಲ್ಲೇ ಒಂದು ಕವಲು ಏರ್‌ಬಸ್ ಕಡೆ ಒಲಿದಿದೆ. 1987ರಲ್ಲಿ ಮೊದಲು ಹಾರಿದ ಎ-320ರಲ್ಲಿ ದೊಡ್ಡ ಚಕ್ರದಂಥ ಹಿಡಿಕೆ ಇಲ್ಲ, ಬದಿಯಲ್ಲೊಂದು ಸಣ್ಣ ಸ್ಟಿಕ್ ಇದೆ. ಇಲ್ಲೊಂದು ಧರ್ಮಸಂಕಟ ಎದುರಾಗುತ್ತದೆ. ಕ್ಯಾಪ್ಟನ್ ಕೂರುವುದು ಎಡ ಸೀಟಿನಲ್ಲಿ, ಸ್ಟಿಕ್ ಇರುವುದು ಅವನ ಎಡಗೈಗೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಜಾಯ್‌ಸ್ಟಿಕ್‌ಗಳು ಬಲಗೈಗೆ ಎರಕ ಹೊಯ್ದವು. ಥ್ರಸ್ಟ್‌ಮಾಸ್ಟರಿನ ಟಿ-16000ಎಂ ಮತ್ತು ಏರ್‌ಬಸ್ ಹೆಸರಿನ ಟಿಸಿಎ ಸ್ಟಿಕ್‌ಗಳಲ್ಲಿ ತುಂಡುಗಳನ್ನು ಬಿಚ್ಚಿ ಎಡಗೈಗೆ ಹೊಂದಿಸಿಕೊಳ್ಳಬಹುದು. ಅವ್ವನಿಗೆ ಇದನ್ನು ಒಪ್ಪಿಸುವುದು ಬೇರೆ ಮಾತು. ಎಡಗೈಯಲ್ಲಿ ತಾಂಬೂಲ ಕೊಡಬಾರದು ಎನ್ನುವ ಮನೆಯಲ್ಲಿ ನೂರೆಂಬತ್ತು ಜನರನ್ನು ಎಡಗೈಯಲ್ಲಿ ಇಳಿಸುವುದು ಸದಾಚಾರವೇ ಎಂಬ ಪ್ರಶ್ನೆಗೆ ಏರ್‌ಬಸ್ ಕಂಪನಿ ಇನ್ನೂ ಉತ್ತರಿಸಿಲ್ಲ.

ಸಿಂಧನೂರು ಪಂಥ

ಭತ್ತದ ನಾಡಿನವರಿಗೆ ಎರಡು ಕೈಯಲ್ಲೂ ಹಿಡಿಯುವಂಥದ್ದು ಬೇಕು. ಅದಕ್ಕೆ ಯೋಕ್. ಹನಿಕೋಂಬ್ ಕಂಪನಿಯ ಆಲ್ಫಾ ಯೋಕ್ ಒಟ್ಟು 180 ಡಿಗ್ರಿ ತಿರುಗುತ್ತದೆ, ಸೆಸ್ನಾ-172ರಂಥ ಸಣ್ಣ ವಿಮಾನಕ್ಕೆ ಹೇಳಿ ಮಾಡಿಸಿದ್ದು. ಪಂಥಕ್ಕೆ ಪ್ರಾದೇಶಿಕ ಆಧಾರವೂ ಇದೆ. 2019ರ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ಶುರುವಾದಾಗ ಬೆಂಗಳೂರಿಗೆ ಹಾರಿದ್ದು ಸ್ಟಾರ್ ಏರ್‌ನ ಎಂಬ್ರೇಯರ್ ವಿಮಾನ. ಎಂಬ್ರೇಯರಿನ ಹಿಡಿಕೆಗೆ ಪೈಲಟ್‌ಗಳು ಇಟ್ಟಿರುವ ಹೆಸರು ಟಗರಿನ ಕೊಂಬು, ಇರುವುದೂ ಹಾಗೆಯೇ. ಟಗರಿನ ಕಾಳಗಕ್ಕೆ ಊರೇ ಮುಗಿಬೀಳುವ ಸೀಮೆಗೆ ಬ್ರೆಜಿಲ್ ದೇಶದವರು ಇಷ್ಟು ಯೋಚಿಸಿ ವಿಮಾನ ಕಳಿಸಿದ್ದಾರೆಂದರೆ ಕೃತಜ್ಞತೆಯಾದರೂ ಬೇಡವೇ?

ಯೋಕ್ ಮನೆಗೆ ಬಂದ ಸಂದರ್ಭದ ಸಂವಾದವೊಂದು ಮೌಖಿಕ ಪರಂಪರೆಯಲ್ಲಿ ಉಳಿದುಬಂದಿದೆ. ಪಾಠಾಂತರಗಳನ್ನು ಬಿಟ್ಟು ಕೊಡಲಾಗಿದೆ:

“ಏನಲೇ ತಮ್ಮಾ, ಈ ಸ್ಟೇರಿಂಗ್ ಮ್ಯಾಲಿನ ಅರ್ಧ ಕೊಯ್ದಾರಲ್ಲೋ?”

“ಮಾವ, ಇದು ಹಂಗೇ ಇರ್ತದ. ಜಗ್ಗಿದ್ರ ವಿಮಾನ ಮ್ಯಾಲ ಏರ್ತದ, ಒತ್ತಿದ್ರ ಕೆಳಗ ಇಳೀತದ.”

“ನೆಲದ ಮ್ಯಾಲ ಇದನ್ನ ತಿರುವಿದ್ರ?”

“ಏನೂ ಆಗಂಗಿಲ್ಲ.”

“ಏನೂ ಆಗದ ಸ್ಟೇರಿಂಗಿಗೆ ಇಷ್ಟು ರೊಕ್ಕ ಕೊಟ್ಟಿ? ಮತ್ತ ತಿರಗೂದು ಹೆಂಗಲೇ?”

“ಕಾಲಾಗ, ಮಾವ.”

ಕಾಲಿನ ಪ್ರಶ್ನೆ

ಮೂರು ಪಂಥಗಳೂ ಕೈಯ ಬಗ್ಗೆ ಕಚ್ಚಾಡಿ ಕಾಲನ್ನು ಮರೆತಿವೆ ಎಂಬುದೇ ಈ ಪ್ರಬಂಧದ ಮುಖ್ಯ ಪ್ರಮೇಯ. ಮಾವ ಕೇಳಿದ ಪ್ರಶ್ನೆ ಶಾಸ್ತ್ರಸಮ್ಮತವಾದದ್ದು. ಸೆಸ್ನಾದಂಥ ವಿಮಾನ ನೆಲದ ಮೇಲೆ ಓಡುವಾಗ ಯೋಕ್ ತಿರುಗಿಸಿದರೆ ರೆಕ್ಕೆಯ ತುದಿಯ ಪಟ್ಟಿಗಳು ಏರಿಳಿಯುತ್ತವೆ, ವಿಮಾನ ನೆಟ್ಟಗೆ ಹೋಗಿ ಹುಲ್ಲಿಗೆ ಬೀಳುತ್ತದೆ. ತಿರುಗಿಸುವುದು ಪಾದಗಳ ಕೆಲಸ. ಎರಡು ಪೆಡಲ್, ಎಡದ್ದನ್ನು ತಳ್ಳಿದರೆ ಎಡಕ್ಕೆ, ಬಲದ್ದನ್ನು ತಳ್ಳಿದರೆ ಬಲಕ್ಕೆ. ಪೆಡಲಿನ ಮೇಲ್ತುದಿಯನ್ನು ಬೆರಳಿನಿಂದ ಅದುಮಿದರೆ ಆ ಬದಿಯ ಗಾಲಿಗಷ್ಟೇ ಬ್ರೇಕು. ಕಾರು ಓಡಿಸಿ ಬೆಳೆದ ಬೆಂಗಳೂರಿನವನಿಗೆ ಇದು ತಲೆಗೆ ಇಳಿಯಲು ತಿಂಗಳು ಬೇಕು.

ಸಿಂಧನೂರಿನವನಿಗೆ ಹೇಳಿಕೊಡುವುದೇ ಬೇಡ. ಟ್ರ್ಯಾಕ್ಟರಿನಲ್ಲಿ ಎಡಬದಿಯ ಚಕ್ರಕ್ಕೂ ಬಲಬದಿಯ ಚಕ್ರಕ್ಕೂ ಬ್ರೇಕ್ ಬೇರೆ ಬೇರೆ. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ, ಹೊಲಕ್ಕಿಳಿದರೆ ಕೊಂಡಿ ಬಿಚ್ಚುತ್ತಾರೆ. ಕೇಜ್‌ವೀಲ್ ಎಂಬ ಕಬ್ಬಿಣದ ಗಾಲಿ ಹಾಕಿ ಗದ್ದೆ ಕೆಸರು ಮಾಡುವಾಗ ಬದುವಿನ ಹತ್ತಿರ ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಗಾಲಿ ಜಾರುತ್ತದೆಯೇ ವಿನಾ ಗಾಡಿ ತಿರುಗುವುದಿಲ್ಲ. ಒಂದು ಬದಿಯ ಬ್ರೇಕ್ ಹಿಡಿದಾಗಲೇ ನಿಂತಲ್ಲೇ ಗಿರ್ರೆಂದು ಹೊರಳುವುದು. ಇದೇ ವಿದ್ಯೆಯನ್ನು ವಿಮಾನ ಶಾಲೆಗಳಲ್ಲಿ ಫೀಸು ಕಟ್ಟಿಸಿಕೊಂಡು ಕಲಿಸುತ್ತಾರೆ. ಟ್ರ್ಯಾಕ್ಟರಿಗೆ ಕೈ ಥ್ರಾಟಲ್ಲೂ ಇದೆ, ಎಲ್ಲಿಗೆ ಎಳೆದು ಬಿಟ್ಟರೋ ಅಲ್ಲೇ ನಿಲ್ಲುತ್ತದೆ, ವಿಮಾನದ್ದೂ ಹಾಗೆಯೇ. ಇನ್ನು ಭತ್ತ ಕೊಯ್ಯುವ ಯಂತ್ರದ ಚಾಲಕ ಮುಂದಿನ ಕತ್ತರಿಯನ್ನು ನೆಲಕ್ಕೆ ತಾಗಿಸದೆ, ತೆನೆ ಬಿಡದೆ, ಲೀವರಿನಲ್ಲಿ ದಿನವಿಡೀ ಆಡಿಸುತ್ತಾನೆ. ಇಳಿಯುವ ವಿಮಾನವನ್ನು ರನ್‌ವೇ ಮೇಲೆ ಕೊನೆಯ ಗಳಿಗೆಯಲ್ಲಿ ತಡೆದು ಹಿಡಿಯಲು ಬೇಕಾದ ಕಣ್ಣಂದಾಜು ಇವನಿಗಿಂತ ಯಾರಿಗಿದೆ?

ಪೂರ್ವಪಕ್ಷದವರ ಆಕ್ಷೇಪ ಎರಡು. ಟ್ರ್ಯಾಕ್ಟರಿನ ಎರಡೂ ಬ್ರೇಕ್ ಬಲಗಾಲಿನ ಪಾಲಿಗಿವೆ, ಎಡಗಾಲು ಕ್ಲಚ್ಚಿಗೆ ಮೀಸಲು, ವಿಮಾನದಲ್ಲಿ ಕಾಲಿಗೊಂದು. ನಿಜ, ಎಡಗಾಲು ಹೊಸದಾಗಿ ಕಲಿಯಬೇಕು. ಎರಡನೆಯದು, ಟ್ರ್ಯಾಕ್ಟರ್ ಗಂಟೆಗೆ 30 ಕಿ.ಮೀ. ಮುಟ್ಟಿದರೆ ಹೆಚ್ಚು, ಸೆಸ್ನಾ ಇಳಿಯಲು ಬರುವುದೇ ಸುಮಾರು 120ರಲ್ಲಿ. ಇದಕ್ಕೆ ಸಮಾಧಾನ: ಈ ಆಕ್ಷೇಪ ಎತ್ತಿದವರು ಸುಗ್ಗಿಯಲ್ಲಿ ಭತ್ತದ ಲೋಡಿನ ಹಿಂದೆ ಬೈಕಿನಲ್ಲಿ ಬಂದವರಲ್ಲ.

ಗಾಳಿಯಲ್ಲಿದ್ದಾಗಲೂ ಕಾಲಿಗೆ ಕೆಲಸ ತಪ್ಪಿದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಸಿಂಧನೂರಿನತ್ತ ಹಾರಿ ನೋಡಿ. ಮುಂಗಾರಿನ ಅಡ್ಡಗಾಳಿ ಹಚ್ಚಿಕೊಂಡರೆ ವಿಮಾನ ಕಾಲುವೆ ಬಿಟ್ಟು ಪಕ್ಕದ ಕ್ಯಾಂಪಿನ ಮೇಲೆ ಹೋಗುತ್ತದೆ. ದಾರಿಗೆ ತರಲು ಬರೀ ಕೈಯಲ್ಲಿ ಓಲಿಸಿದರೆ ಮೂತಿ ತಿರುವಿನ ಎದುರು ದಿಕ್ಕಿಗೆ ಎಳೆಯುತ್ತದೆ. ಪೆಡಲ್ ಒತ್ತಿದಾಗಲೇ ತಿರುವು ಹದಕ್ಕೆ ಬರುವುದು.

ಧೂಳು ಪ್ರಕರಣ

ಕಪ್ಪು ಮಣ್ಣಿನ ಧೂಳು, ರೈಸ್‌ಮಿಲ್ಲಿನ ಹೊಟ್ಟು. ಇವೆರಡನ್ನೂ ಲೆಕ್ಕಕ್ಕೆ ಹಿಡಿದು ಬರೆದ ಜಾಯ್‌ಸ್ಟಿಕ್ ವಿಮರ್ಶೆ ಜಗತ್ತಿನಲ್ಲಿ ಇದೊಂದೇ ಇರಬೇಕು. ಅಗ್ಗದ ಹಿಡಿಕೆಗಳ ಹೊಟ್ಟೆಯಲ್ಲಿ ಪೊಟೆನ್ಶಿಯೊಮೀಟರ್ ಇರುತ್ತದೆ. ಅದರಲ್ಲಿ ಒಂದು ಪಟ್ಟಿಯ ಮೇಲೆ ಇನ್ನೊಂದು ತುಂಡು ಉಜ್ಜುತ್ತಾ ಓಡಾಡುತ್ತದೆ. ಧೂಳು ಸೇರಿದರೆ, ಪಟ್ಟಿ ಸವೆದರೆ, ನೀವು ಮುಟ್ಟದಿದ್ದರೂ ವಿಮಾನ ಮೈಮೇಲೆ ದೇವರು ಬಂದವರ ಹಾಗೆ ಕುಣಿಯುತ್ತದೆ. ಸೆಟ್ಟಿಂಗಿನಲ್ಲಿ ಡೆಡ್‌ಝೋನ್ (ಹಿಡಿಕೆ ಅಲುಗಿದರೂ ಲೆಕ್ಕಕ್ಕೆ ಬಾರದ ನಡುವಿನ ಜಾಗ) ಸ್ವಲ್ಪ ಏರಿಸಿದರೆ ಕುಣಿತ ಅಡಗುತ್ತದೆ, ಜೊತೆಗೆ ಹಿಡಿಕೆಯ ಸೂಕ್ಷ್ಮವೂ ಹೋಗುತ್ತದೆ. ಇನ್ನೊಂದು ಜಾತಿಯದು ಹಾಲ್ ಸೆನ್ಸರ್, 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮದ ಮೇಲೆ ನಡೆಯುವಂಥದ್ದು. ಅಯಸ್ಕಾಂತ ದೂರದಲ್ಲೇ ಸರಿದಾಡುತ್ತದೆ, ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ, ಸವೆಯುವ ಮಾತೇ ಇಲ್ಲ. ಮೇಲೆ ಹೇಳಿದ ಟಿ-16000ಎಂ ಸ್ಟಿಕ್ಕಿನ ಮುಖ್ಯ ಎರಡು ಚಲನೆಗಳಿಗೆ ಇದೇ ಇದೆ. ಹಿಡಿಕೆಯನ್ನು ತಿರುಚಿ ಬಾಲ ಆಡಿಸುವ ಮೂರನೆಯ ಚಲನೆಗೆ ಮಾತ್ರ ಹಳೆಯ ಪೊಟೆನ್ಶಿಯೊಮೀಟರೇ. ಅಂದರೆ ಕಾಲಿನ ಕೆಲಸವನ್ನು ಮಣಿಕಟ್ಟಿಗೆ ವಹಿಸಿದಲ್ಲೇ ಮೊದಲು ಕೆಡುವುದು. ಪ್ರಮೇಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕರೆಂಟಿನ ಪ್ರಕರಣ ಚಿಕ್ಕದು. ಯುಪಿಎಸ್ ಇಲ್ಲದವನ ವಿಮಾನಕ್ಕೆ ಎಂಜಿನ್, ರೆಕ್ಕೆ, ಆಕಾಶ ಎಲ್ಲವೂ ಒಟ್ಟಿಗೆ ಕೈಕೊಡುತ್ತವೆ.

ತೀರ್ಪು

ಮೊದಲು ಯಾವ ವಿಮಾನ ಎಂದು ಗಟ್ಟಿ ಮಾಡಿಕೊಳ್ಳಿ. ಹಿಡಿಕೆಯ ಜಗಳ ಮುಕ್ಕಾಲು ಪಾಲು ಅಲ್ಲಿಗೇ ತೀರುತ್ತದೆ. ಸೆಸ್ನಾ, ಎಟಿಆರ್, ಎಂಬ್ರೇಯರ್ ಆದರೆ ಯೋಕ್. ಏರ್‌ಬಸ್ ಆದರೆ ಎಡಗೈಗೆ ಒಗ್ಗುವ ಸ್ಟಿಕ್. ತೇಜಸ್ ಆದರೆ ಲಿಂಗಸುಗೂರಿನವರ ಮಾತು ಕೇಳಿ, ಅವರ ಬಜೆಟ್ ಕೇಳಬೇಡಿ. ಯಾವುದೂ ಗೊತ್ತಿಲ್ಲದವರು ಲಾಜಿಟೆಕ್ಕಿನ ಎಕ್ಸ್‌ಟ್ರೀಮ್ 3ಡಿ ಪ್ರೊದಂಥ ತಿರುಚುವ ಸ್ಟಿಕ್ಕಿನಿಂದ ಶುರು ಮಾಡಲಿ. ಫ್ಲೈಟ್‌ಗಿಯರ್ ಪುಕ್ಕಟೆ ಸಿಗುತ್ತದೆ, ಹವ್ಯಾಸ ಹಿಡಿಸುತ್ತದೋ ಇಲ್ಲವೋ ಅದರಲ್ಲೇ ತಿಳಿದುಹೋಗುತ್ತದೆ. ಹಿಡಿಸಿದರೆ ಮುಂದಿನ ರೊಕ್ಕ ಯೋಕಿಗೂ ಬೇಡ, ಥ್ರಾಟಲ್ಲಿಗೂ ಬೇಡ, ಪೆಡಲಿಗೆ ಹಾಕಿ.

ಹಾಸುಗಲ್ಲಿನ ನೆಲದ ಮೇಲೆ ಪೆಡಲ್ ಜಾರುತ್ತದೆ. ಅದರ ಹಿಂದೆ 25 ಕೆ.ಜಿ.ಯ ಸೋನಾ ಮಸೂರಿ ಚೀಲವೊಂದನ್ನು ಒರಗಿಸಿ, ಗಾಲಿ ಇರುವ ಕುರ್ಚಿ ಬಿಟ್ಟು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಳ್ಳಿ. ಯೋಕ್ ತರಿಸುವವರು ನಿಮ್ಮ ಮೇಜಿನ ಅಂಚಿನ ದಪ್ಪಕ್ಕೆ ಅದರ ಕ್ಲ್ಯಾಂಪ್ ಕೂರುತ್ತದೋ ಇಲ್ಲವೋ ಟೇಪು ಹಿಡಿದು ಅಳೆದು ನೋಡಿ, ಆಮೇಲೆ ಆರ್ಡರ್ ಹಾಕಿ.